ಎಕ್ಸ್ ಅನ್ನು ಕೈಬಿಟ್ಟ ಲೆಕ್ಕ

ಆ ಶನಿವಾರ ಮಧ್ಯಾಹ್ನ ನಾನು ನಾಸಿಕ್ ಬಸ್ಸಿನಿಂದ ಯೇವಲಾದಲ್ಲೇ ಇಳಿದುಬಿಟ್ಟೆ. ಟಿಕೆಟ್ ನಾಸಿಕ್‌ವರೆಗೂ ಇತ್ತು. ಇಳಿದರೆ ಬಸ್ಸು ಕಾಯುವುದಿಲ್ಲ ಎಂದು ಕಂಡಕ್ಟರ್ ಮರಾಠಿಯಲ್ಲಿ ಎಚ್ಚರಿಸಿದ. ಹೊರಡಲಿ ಎಂದೆ. ಹೊರಟೇಹೋಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು, ಲೆಕ್ಕ ಗೀಚಿದ ಹಾಳೆಯೊಂದನ್ನು ಕೈಯಲ್ಲಿ ಹಿಡಿದು, ಪೈಠಣಿ ಸೀರೆಯ ಅಂಗಡಿಗಳ ಬೋರ್ಡುಗಳ ಎದುರು ನಿಂತೆ. ಹಿಂದಕ್ಕೆ ಹೋಗುವ ಬಸ್ಸು ಯಾವ ಕಡೆ ನಿಲ್ಲುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ಯೇವಲಾದಲ್ಲಿ ಕಾಲಿಟ್ಟಿದ್ದು ಅಂದೇ ಮೊದಲು.

ಆಗ ನಾನು ಛತ್ರಪತಿ ಸಂಭಾಜಿನಗರದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಗಂಡ, ಎಂಟು ವರ್ಷದ ಮಗಳು, ಅತ್ತೆ ಎಲ್ಲರೂ ನಾಸಿಕ್‌ನಲ್ಲಿ. ಸೋಮವಾರ ನಸುಕಿನ ಬಸ್ಸಿಗೆ ಹೊರಡುವುದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಮರಳುವುದು. ಸಂಭಾಜಿನಗರದ ಬಾಡಿಗೆ ಕೋಣೆಯಲ್ಲಿ ನನ್ನ ಬ್ಯಾಗು ಎಂದೂ ಪೂರ್ತಿ ಖಾಲಿಯಾಗುತ್ತಿರಲಿಲ್ಲ, ನಾಸಿಕ್‌ನ ಮನೆಯಲ್ಲೂ ಅಷ್ಟೇ. ಎಲ್ಲಿ ಕುಳಿತರೂ ನನ್ನ ಬಲಗಾಲು ಅಲುಗಾಡುತ್ತಿರುತ್ತದೆ. ಚಿಕ್ಕಂದಿನಿಂದ ಇರುವ ಚಾಳಿ. ನಮ್ಮದು ಮೂಲತಃ ಬೀದರ್ ಜಿಲ್ಲೆ. ಅಪ್ಪ ನೌಕರಿಗೆಂದು ನಾಸಿಕ್‌ಗೆ ಬಂದ ಮೇಲೆ ಹುಟ್ಟಿದವಳು ನಾನು. ಬೇಸಿಗೆ ರಜೆಯಲ್ಲಿ ಅವ್ವ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಕನ್ನಡ ಅಕ್ಷರ ಕಲಿಸುವಾಗಲೂ, “ಕಾಲು ಸುಮ್ಮನ ಇಡು, ಅಕ್ಷರ ಅಳಿಸಿ ಹೊಂಟಾವ” ಎಂದು ಮೊಣಕಾಲಿಗೆ ಒಂದು ಕೊಡುತ್ತಿದ್ದಳು.

ಲೆಕ್ಕದ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗಂಧಕಾಮ್ಲ, ಹೈಡ್ರೊಕ್ಲೋರಿಕ್ ಆಮ್ಲದಂಥ ಪ್ರಬಲ ಆಮ್ಲಗಳು ನೀರಿಗೆ ಬಿದ್ದ ಕೂಡಲೇ ಒಡೆದು ಅಯಾನುಗಳಾಗುತ್ತವೆ. ದುರ್ಬಲ ಆಮ್ಲಗಳು ಹಾಗಲ್ಲ. ಅಡುಗೆಗೆ ಹಾಕುವ ವಿನೆಗರ್‌ನಲ್ಲಿರುವುದು ಅಂಥ ಆಮ್ಲ. ಅದರ ಅಣುಗಳಲ್ಲಿ ಕೆಲವೇ ಒಡೆಯುತ್ತವೆ, ಉಳಿದವು ಹಾಗೇ ಇರುತ್ತವೆ. ಎಷ್ಟು ಒಡೆದವು? ಅದನ್ನು ಎಕ್ಸ್ ಎಂದು ಇಟ್ಟುಕೊಂಡು ಕಂಡುಹಿಡಿಯಬೇಕು. ಸರಿಯಾಗಿ ಮಾಡಹೊರಟರೆ ವರ್ಗ ಸಮೀಕರಣ ಬರುತ್ತದೆ, ಅರ್ಧ ಪುಟ ಹಿಡಿಯುತ್ತದೆ. ಅದಕ್ಕೆ ಒಂದು ಒಳದಾರಿ ಇದೆ. ಒಡೆದದ್ದು ಬಹಳ ಕಡಿಮೆಯಾದ್ದರಿಂದ ಮೂಲ ಪ್ರಮಾಣದಿಂದ ಅದನ್ನು ಕಳೆಯುವ ಗೊಡವೆಯೇ ಬೇಡ ಎಂದು ಆ ಒಂದು ಜಾಗದಲ್ಲಿ ಎಕ್ಸ್ ಅನ್ನು ಕೈಬಿಡುವುದು. ಉಳಿಯುವುದು ಒಂದು ವರ್ಗಮೂಲ ಮಾತ್ರ. ಅರ್ಧ ನಿಮಿಷದ ಕೆಲಸ. ಆದರೆ ಕೈಬಿಟ್ಟ ಮೇಲೆ ಬಂದ ಉತ್ತರವನ್ನು ತಿರುಗಿ ನೋಡಬೇಕು. ಎಕ್ಸ್ ಮೂಲ ಪ್ರಮಾಣದ ನೂರಕ್ಕೆ ಐದು ಪಾಲಿಗಿಂತ ಕಡಿಮೆ ಇದ್ದರೆ ಸರಿ. ಹೆಚ್ಚಿದ್ದರೆ ಒಳದಾರಿ ಬಿಟ್ಟು ವರ್ಗ ಸಮೀಕರಣವನ್ನೇ ಬಿಡಿಸಬೇಕು.

ಈ ಕೊನೆಯ ಮಾತನ್ನು ನಾನು ಕಲಿಸುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಮೊದಲ ವರ್ಷ ಖಂಡಿತ ಕಲಿಸಿದ್ದೆ. ಆಮೇಲೆ ಮಕ್ಕಳಿಗೆ ಅವಸರ, ನನಗೆ ಅವಸರ, ಕ್ಲಾಸಿನ ಮಾಲೀಕರಿಗೆ ಎಲ್ಲರಿಗಿಂತ ಅವಸರ. ಎಕ್ಸ್ ಬಂದ ಕೂಡಲೇ “ಸೋಡೂನ್ ದ್ಯಾ” ಎನ್ನುತ್ತಿದ್ದೆ, ಬಿಟ್ಟುಬಿಡಿ ಎಂದು. ಅದು ಎಷ್ಟು ರೂಢಿಯಾಗಿತ್ತೆಂದರೆ ನಾನು ಬೋರ್ಡಿನ ಮೇಲೆ ಎಕ್ಸ್ ಬರೆಯುವಷ್ಟರಲ್ಲಿ ಮಕ್ಕಳೇ ಒಟ್ಟಾಗಿ “ಸೋಡೂನ್ ದ್ಯಾ!” ಎಂದು ಕೂಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಕ್ಲಾಸಿನಲ್ಲಿ ಎರಡು ಬ್ಯಾಚು. ಬೆಳಗಿನದು ಮುಂದಿರುವ ಮಕ್ಕಳಿಗೆ, ಅದು ನನ್ನದು. ಮಧ್ಯಾಹ್ನದ್ದು ಹಿಂದೆ ಬಿದ್ದವರಿಗೆ. ಅದನ್ನು ಕಾಲೇಜಿನಿಂದ ನಿವೃತ್ತರಾದ ಹಿರಿಯ ಮೇಷ್ಟ್ರೊಬ್ಬರು ನೋಡಿಕೊಳ್ಳುತ್ತಿದ್ದರು. ತಿಂಗಳಿಗೊಂದು ಪರೀಕ್ಷೆ, ಅದರ ಅಂಕದ ಮೇಲೆ ಮಕ್ಕಳು ಮೇಲಕ್ಕೋ ಕೆಳಕ್ಕೋ ಹೋಗುತ್ತಿದ್ದರು. ಆ ಸಲದ ಪರೀಕ್ಷೆಗೆ ಪ್ರಶ್ನೆ ತೆಗೆದವಳು, ಉತ್ತರ ಬರೆದುಕೊಟ್ಟವಳು, ತಿದ್ದಿದವಳು ಎಲ್ಲ ನಾನೇ. ಶನಿವಾರ ಬೆಳಿಗ್ಗೆ ಪಟ್ಟಿ ಹಚ್ಚಿದೆವು. ನನ್ನ ಬ್ಯಾಚಿನಿಂದ ಕೆಳಗೆ ಹೋದವರು ಮೂವರು. ಅವರಲ್ಲಿ ಒಬ್ಬಳು ಎರಡನೇ ಬೆಂಚಿನ ಹುಡುಗಿ.

ಅವಳ ಅಪ್ಪ ಅವ್ವ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅಪ್ಪ ಸೆಂಟ್ರಿಂಗ್ ಕೆಲಸದವನು, ಸ್ಲ್ಯಾಬ್ ಹಾಕುವ ಮುನ್ನ ಹಲಗೆ ಜೋಡಿಸಿ ಕಂಬ ಕೊಡುವುದು. ಅವಳು ಕ್ಲಾಸಿಗೆ ಸೇರಿದ ದಿನ ಫಾರ್ಮು ನೋಡಿ ನಾನು ಹಿಗ್ಗಿ ಕನ್ನಡದಲ್ಲಿ, “ಯಾವ ಊರವ್ವ ನಿಮ್ದು?” ಎಂದು ಕೇಳಿದ್ದೆ. ಅವಳು ಸುತ್ತ ನೋಡಿ ಮರಾಠಿಯಲ್ಲಿ ಉತ್ತರಿಸಿದಳು. ಆಮೇಲೆ ನಾನು ಕನ್ನಡದಲ್ಲಿ ಮಾತಾಡಲು ಹೋಗಲಿಲ್ಲ. ಅವಳಿಗೆ ಇಷ್ಟವಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವೂ ಆಗಿತ್ತು, ಯಾಕೆಂದರೆ ನನಗೆ ಯಾರೊಂದಿಗೂ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ಸಮಯವಿರುತ್ತಿರಲಿಲ್ಲ.

ಆ ಶನಿವಾರ ಅವಳು ಶಿಕ್ಷಕರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಉತ್ತರಪತ್ರಿಕೆ. ನಾನು ಒಂದು ಕೈಯಲ್ಲಿ ಡಬ್ಬಿಯ ಮುಚ್ಚಳ ಹಾಕುತ್ತ, ಇನ್ನೊಂದು ಕೈಯಲ್ಲಿ ಬ್ಯಾಗಿನ ಜಿಪ್ ಎಳೆಯುತ್ತಿದ್ದೆ.

“ಕಾಯ್ ಝಾಲಂ?” ಎಂದೆ, ಏನಾಯಿತು ಎಂದು.

ಅವಳು ಹಾಳೆಯನ್ನು ಅರ್ಧ ಬಿಚ್ಚಿದಳು. ನಾನು ಗೋಡೆಯ ಗಡಿಯಾರ ನೋಡಿದೆ. ನಾನು ನೋಡಿದ್ದನ್ನು ಅವಳು ಗಮನಿಸಿದಳು. ಹಾಳೆ ಮತ್ತೆ ಮಡಚಿದಳು.

“ಕಾಹೀ ನಾಹೀ, ಮ್ಯಾಡಮ್.” ಏನೂ ಇಲ್ಲ.

ಹೊರಟುಹೋದಳು. ನಾನೂ ರಿಕ್ಷಾ ಹಿಡಿದೆ.

ಬಸ್ಸಿನಲ್ಲಿ ನಾನೆಂದೂ ನಿದ್ದೆ ಮಾಡುವುದಿಲ್ಲ. ಮುಂದಿನ ವಾರದ ಹಾಳೆ ತಯಾರಿಸುತ್ತೇನೆ. ವೈಜಾಪುರ ದಾಟಿದ ಮೇಲೆ, ಪರೀಕ್ಷೆಯಲ್ಲಿ ಕೊಟ್ಟಿದ್ದ ಕ್ಲೋರೊಅಸಿಟಿಕ್ ಆಮ್ಲದ ಲೆಕ್ಕವನ್ನೇ ಪುನರಾವರ್ತನೆಗೆ ಸೇರಿಸೋಣ ಎಂದು ಬರೆದುಕೊಂಡೆ. ಆಮ್ಲದ ಸಾರತೆ, ಅಂದರೆ ಮೂಲ ಪ್ರಮಾಣ, 0.01. ಅದು ಎಷ್ಟರ ಮಟ್ಟಿಗೆ ಒಡೆಯುತ್ತದೆ ಎಂದು ಹೇಳುವ ಸ್ಥಿರಾಂಕ 0.0014. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಅಯಾನುಗಳ ಸಾರತೆ 0.0037. ನಾನು ಕೊಟ್ಟಿದ್ದ ಉತ್ತರ ಅದೇ. ಬಸ್ಸು ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ತೆವಳುತ್ತಿತ್ತು. ಬೇರೆ ಕೆಲಸವಿಲ್ಲದೆ ಪೆನ್ನಿನ ತುದಿಯಿಂದ ಆ ಎರಡು ಅಂಕಿಗಳನ್ನು ಮತ್ತೆ ಮತ್ತೆ ಮುಟ್ಟುತ್ತ ಕುಳಿತೆ. 0.01. 0.0037. ನೂರು ಅಣುಗಳಲ್ಲಿ ಮೂವತ್ತೇಳು ಒಡೆದಿವೆ. ಐದಲ್ಲ, ಮೂವತ್ತೇಳು!

ಎಕ್ಸ್‌ನ ಬೆಲೆಯನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡಿದೆ. 0.0014 ಬರಬೇಕಾದಲ್ಲಿ 0.0022 ಬಂತು. ಹಾಳೆ ತಿರುವಿ ವರ್ಗ ಸಮೀಕರಣ ಬಿಡಿಸಿದೆ. ಬಸ್ಸಿನ ಕುಲುಕಾಟಕ್ಕೆ ಅಂಕಿಗಳು ಸೊಟ್ಟಪಟ್ಟ ಬಿದ್ದವು. ಉತ್ತರ 0.0031. ತಿರುಗಿ ಹಾಕಿದರೆ ಸರಿಯಾಗಿ ಕೂತಿತು.

ಆಗ ನೆನಪಾಯಿತು, ಈ 0.0031 ಅನ್ನು ನಾನು ಎಲ್ಲೋ ನೋಡಿದ್ದೇನೆ. ಅರ್ಧ ಪುಟದ ಅಚ್ಚುಕಟ್ಟಾದ ಬರಹದ ಕೊನೆಯಲ್ಲಿ, ಕೆಳಗೆ ಎರಡು ಗೆರೆ ಎಳೆದ ಉತ್ತರ. ಆ ಅರ್ಧ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು ನಾನು ‘ಅನಾವಶ್ಯಕ’ ಎಂದು ಬರೆದಿದ್ದೆ. ನಾಲ್ಕು ಅಂಕಕ್ಕೆ ಸೊನ್ನೆ. ಆ ಹುಡುಗಿ ಕೆಳಗಿನ ಬ್ಯಾಚಿಗೆ ಹೋಗಿದ್ದು ಎರಡು ಅಂಕದಿಂದ.

ಯೇವಲಾದಲ್ಲಿ ನಾನು ಇಳಿದದ್ದು ಹೀಗೆ.

ಮೊದಲು ಅವಳ ಮನೆಯವರ ಫೋನಿಗೆ ಮಾಡಿದೆ. ಬಂದ್ ಇತ್ತು. ಆಮೇಲೆ ಕ್ಲಾಸಿನ ಮಾಲೀಕರಿಗೆ ಮಾಡಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

“ಉಳಿದವರೆಲ್ಲ ಏನು ಬರೆದಿದ್ದಾರೆ, ಮ್ಯಾಡಮ್?” ಎಂದು ಮರಾಠಿಯಲ್ಲಿ ಕೇಳಿದರು.

“ನಾನು ಕಲಿಸಿದ್ದನ್ನೇ.”

“ಹಾಗಿದ್ದರೆ ಒಬ್ಬಳಿಗಾಗಿ ಎಲ್ಲರ ನಾಲ್ಕು ಅಂಕ ಕಡಿಯಬೇಕೆ? ಪಟ್ಟಿ ಪಾಲಕರ ಗುಂಪಿಗೆ ಹೋಗಿಯಾಗಿದೆ. ಮುಂದಿನ ತಿಂಗಳು ಅವಳೇ ಮೇಲೆ ಬರುತ್ತಾಳೆ ಬಿಡಿ. ನೀವು ಆರಾಮಾಗಿ ಮನೆಗೆ ಹೋಗಿ.”

ನಾನು ಆಗಲೇ ಬಸ್ಸಿನಿಂದ ಇಳಿದಿದ್ದೇನೆ ಎಂದು ಅವರಿಗೆ ಹೇಳಲಿಲ್ಲ. ಗಂಡನಿಗೆ ಫೋನ್ ಮಾಡಿದೆ.

“ಯಾಕ, ಬಸ್ ಕೆಟ್ಟದೇನು?”

“ಇಲ್ರಿ, ನಾನೇ ಇಳ್ದೀನಿ. ಒಂದು ಲೆಕ್ಕ ತಪ್ಪಾಗ್ಯದ. ಹೊಳ್ಳಿ ಹೋಗ್ಬೇಕು.”

“ಸೋಮವಾರ ಆಗಲ್ಲೇನು?”

ಆಗುತ್ತಿತ್ತು. ಅದನ್ನು ನಾನೂ ಬಲ್ಲೆ. ಆದರೆ ಭಾನುವಾರ ಪೂರ್ತಿ ಮಗಳ ತಲೆಗೆ ಎಣ್ಣೆ ಹಚ್ಚುತ್ತ, ಅತ್ತೆಯ ಜೊತೆ ಸಂತೆಗೆ ಹೋಗುತ್ತ, ಆ ಕೆಂಪು ಗೆರೆಯನ್ನು ಕಣ್ಣಮುಂದೆ ಇಟ್ಟುಕೊಂಡು ಇರುವುದು ನನ್ನಿಂದ ಆಗದ ಮಾತು. “ಆಗಲ್ರಿ” ಎಂದೆ. ಮಗಳು ಫೋನ್ ಕಸಿದುಕೊಂಡು, ಇವತ್ತು ಬರುವುದಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. ನಾಳೆ ಬರುತ್ತೇನೆ ಎಂದೆ. ಅವಳು ಫೋನ್ ಅಪ್ಪನಿಗೆ ಕೊಟ್ಟುಬಿಟ್ಟಳು.

ಹಿಂದಿರುಗುವ ಮೊದಲ ಬಸ್ಸು ತುಂಬಿ ಬಂತು, ನಿಲ್ಲಿಸಲಿಲ್ಲ. ಎರಡನೆಯದರಲ್ಲಿ ನಿಂತುಕೊಂಡೇ ಹೋದೆ. ಪ್ರವೇಶದ ಫಾರ್ಮಿನಲ್ಲಿ ವಿಳಾಸದ ಜಾಗದಲ್ಲಿ ಅವಳು ‘ಹೊಸ ಕಟ್ಟಡದ ಸೈಟು, ನೀರಿನ ಟಾಕಿಯ ಹಿಂದೆ’ ಎಂದು ಬರೆದದ್ದು ನೆನಪಿತ್ತು. ಸಂಭಾಜಿನಗರದಲ್ಲಿ ನೀರಿನ ಟಾಕಿಗಳು ಒಂದೆರಡಲ್ಲ. ರಿಕ್ಷಾದವನು ಮೂರು ಕಡೆ ಸುತ್ತಿಸಿದ. ಕೊನೆಗೆ ಹೊತ್ತು ಮುಳುಗುವ ಹೊತ್ತಿಗೆ, ಬರೀ ಕಾಂಕ್ರೀಟಿನ ಆರು ಅಂತಸ್ತು ನಿಂತಿದ್ದ ಕಟ್ಟಡವೊಂದರ ಹಿಂದೆ ತಗಡಿನ ಮನೆಗಳ ಸಾಲು ಸಿಕ್ಕಿತು. ಕಿವಿಗೆ ಬಿದ್ದ ಕನ್ನಡದಿಂದಲೇ ಗುರುತು ಹಿಡಿದೆ.

ಅವಳ ಅವ್ವ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

“ಏನರ ತಪ್ಪ ಮಾಡ್ಯಾಳೇನ್ರಿ ನಮ್ಮ ಹುಡುಗಿ?”

“ಇಲ್ರಿ, ಅಕಿ ಏನೂ ಮಾಡಿಲ್ಲ.”

ಅಪ್ಪ ಬಕೆಟ್ಟಿನಲ್ಲಿ ಕಾಲು ತೊಳೆಯುತ್ತಿದ್ದವನು ಹಾಗೇ ಬಂದ. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ ಹಾಕಿದ. “ಕೂಡ್ರಿ, ಮ್ಯಾಡಮ್ಮಾರ. ಕೆಳಗಿನ ಕ್ಲಾಸಿಗಿ ಹಾಕ್ಯಾರಂತ ಹೇಳ್ಯಾಳ. ಈಗ ಕ್ಲಾಸೇ ಬಿಡಸ್ತೀರೇನ್ರಿ?”

ನಾನು ಬಸ್ಸಿನಲ್ಲಿ ನಿಂತು ಮೂರು ತಾಸು ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. “ಅಕಿ ಲೆಕ್ಕ ಬರೋಬ್ಬರಿ ಇತ್ತು. ತಪ್ಪಿದಾಕಿ ನಾನು. ಅದು ಹೇಳ್ಲಿಕ್ಕಿ ಬಂದೀನಿ” ಎಂದುಬಿಟ್ಟೆ.

ಅಪ್ಪ ಅತ್ತಿತ್ತ ನೋಡಿದ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ಅವನು ಬಗ್ಗಿ ಸಣ್ಣ ದನಿಯಲ್ಲಿ, “ಅಕಿ ಮುಂದ ಹಿಂಗ ಹೇಳಬ್ಯಾಡ್ರಿ. ಈಗೇ ಅಕಿ ನಮ್ಗ ತಿದ್ದಲತ್ತಾಳ. ಮ್ಯಾಡಮ್ಮೋರೇ ತಪ್ಪಿದ್ರಂತ ಗೊತ್ತಾದ್ರ ನಾಳಿಂದ ನಮ್ಮ ಮಾತು ಕೇಳ್ತಾಳೇನ್ರಿ?” ಎಂದ.

ಅವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. ನನಗೂ ನಗು ಬಂತು. ಬೆಳಗಿನಿಂದ ಮೊದಲ ಸಲ ನನ್ನ ಕಾಲು ಸುಮ್ಮನಿದ್ದದ್ದನ್ನು ಆಗ ಗಮನಿಸಿದೆ.

ಹುಡುಗಿ ಸೊಂಟದ ಮೇಲೆ ನೀರಿನ ಕೊಡ ಇಟ್ಟುಕೊಂಡು ಬಂದಳು. ನನ್ನನ್ನು ಕಂಡು ನಿಂತಳು. ಕೊಡದಿಂದ ನೀರು ತುಳುಕಿ ಅವಳ ಸಲ್ವಾರಿನ ಮೇಲೆ ಇಳಿಯುತ್ತಿತ್ತು, ಆದರೂ ಕೆಳಗಿಡಲಿಲ್ಲ. ನಾನು ಬ್ಯಾಗಿನಿಂದ ಬಸ್ಸಿನಲ್ಲಿ ಗೀಚಿದ ಹಾಳೆ ತೆಗೆದು ಅವಳಿಗೆ ಕೊಟ್ಟೆ. ಅವಳು ಕೊಡ ಇಳಿಸಿ, ಕೈ ಒರೆಸಿಕೊಂಡು, ಬೆಳಕಿಗೆ ಹಿಡಿದು ಓದಿದಳು. ಒಳಗೆ ಹೋಗಿ ತನ್ನ ನೋಟುಬುಕ್ಕು ತಂದು ಕೊನೆಯ ಪುಟ ತೆರೆದು ನನ್ನ ಮುಂದೆ ಹಿಡಿದಳು. ಅಲ್ಲಿ ಎರಡೂ ಇದ್ದವು. ನನ್ನ ಒಳದಾರಿ, ಅದರ ಕೆಳಗೆ ‘37%’, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ವರ್ಗ ಸಮೀಕರಣ.

“ಇದು ನಿನಗ ಯಾರು ಹೇಳಿಕೊಟ್ರು, ತಿರುಗಿ ನೋಡ್ಬೇಕಂತ?” ಎಂದೆ ಕನ್ನಡದಲ್ಲಿ.

“ಪುಸ್ತಕದಾಗ ಅದರಿ” ಎಂದಳು. ಅವಳ ಕನ್ನಡ ನಾನು ಮೊದಲ ಸಲ ಕೇಳಿದ್ದು. ಹುಡುಕಿ ಹುಡುಕಿ, ನಡುವೆ ಮರಾಠಿ ಸೇರಿಸಿ ಮಾತಾಡುತ್ತಿದ್ದಳು. “ಸಣ್ಣ ಅಕ್ಷರದಾಗ, ಮ್ಹಣಜೇ... ಕೆಳಗ.”

“ಮತ್ತ ಬೆಳಿಗ್ಗಿ ಬಂದು ಯಾಕ ಹೇಳಲಿಲ್ಲ?”

ಅವಳು ಅವ್ವನ ಕಡೆ ನೋಡಿದಳು. ಅವ್ವ ತವೆಯ ಮೇಲಿನ ರೊಟ್ಟಿಯನ್ನೇ ನೋಡುತ್ತಿದ್ದಳು.

“ನೀವು ಗಡಿಬಿಡಿದಾಗ ಇದ್ರಿ. ಮತ್ತ ಉತ್ತರ ತಪ್ಪಂತ ಬರೆದಿರಲಿಲ್ಲ ನೀವು. ಅನಾವಶ್ಯಕ ಅಂತ ಬರೆದಿದ್ರಿ. ನಾ ಅಂದ್ಕೊಂಡೆ, ಉತ್ತರ ಬರೋಬ್ಬರಿ ಇದ್ರೂ ಇಷ್ಟು ಬರೀಬಾರದು ಅಂತ.”

ಉತ್ತರ ತಪ್ಪು ಎಂದು ಬರೆದಿದ್ದರೆ ಜಗಳವಾಡುತ್ತಿದ್ದಳೇನೋ. ಆ ಒಂದು ಶಬ್ದ ಅವಳ ಬಾಯಿ ಕಟ್ಟಿತ್ತು. ನಾನು ಕ್ಷಮೆ ಕೇಳಲು ಕನ್ನಡದಲ್ಲಿ ಸರಿಯಾದ ಮಾತು ಹುಡುಕಿದೆ. ಸಿಕ್ಕಿದ್ದು “ತಪ್ಪಾತವ್ವ” ಎಂಬುದಷ್ಟೇ. ಅವಳು ತಲೆ ತಗ್ಗಿಸಿ ನೋಟುಬುಕ್ಕಿನ ಮೂಲೆ ಮಡಚಿದಳು, ಬಿಚ್ಚಿದಳು. ಅವ್ವ ಮಾತ್ರ, “ಅದೆಲ್ಲ ಇರಲಿ, ಉಣ್ರಿ ಮೊದಲ” ಎಂದು ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಆ ಕಡೆಯ ಚಟ್ನಿಪುಡಿ, ಹಾಕಿ ಕೈಗೆ ಕೊಟ್ಟಳು. ಮಧ್ಯಾಹ್ನದ ಡಬ್ಬಿ ಹಾಗೇ ಬ್ಯಾಗಿನಲ್ಲಿತ್ತು. ಎರಡು ರೊಟ್ಟಿ ತಿಂದೆ.

ಭಾನುವಾರ ನಾನು ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಬೆಳಿಗ್ಗೆ ಸ್ಟ್ಯಾಂಡಿಗೆ ಹೊರಟವಳು ಅರ್ಧ ದಾರಿಯಲ್ಲಿ ರಿಕ್ಷಾ ತಿರುಗಿಸಿ ಕ್ಲಾಸಿಗೆ ಹೋದೆ. ಕಾವಲುಗಾರನಿಂದ ಬೀಗ ತೆಗೆಸಿ, ಹಂಚದೆ ಉಳಿದಿದ್ದ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಆ ಒಂದು ಪ್ರಶ್ನೆಯನ್ನು ಮಾತ್ರ ಮತ್ತೆ ನೋಡಿದೆ. ಎಲ್ಲರೂ 0.0037 ಬರೆದಿದ್ದರು. ಒಬ್ಬ ಮಾತ್ರ ವರ್ಗ ಸಮೀಕರಣ ಆರಂಭಿಸಿ, ಮೂರು ಸಾಲು ಬರೆದು, ತಾನೇ ಅದನ್ನು ಹೊಡೆದುಹಾಕಿ ನನ್ನ ಒಳದಾರಿಗೆ ಬಂದಿದ್ದ. ಅವನಿಗೆ ನಾನು ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದೆ. ಹುಡುಗಿಗೆ ಕೊಟ್ಟ ಸೊನ್ನೆಗಿಂತ ಈ ನಾಲ್ಕು ನನ್ನನ್ನು ಹೆಚ್ಚು ಕಾಡಿತು. ಕೋಣೆಯಲ್ಲಿ ಕೂಡಲಾಗದೆ ಎದ್ದು ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದೆ. ಕಾವಲುಗಾರ, “ಏನಾದರೂ ಕಳೆದಿದೆಯೇ ಮ್ಯಾಡಮ್?” ಎಂದು ಎರಡು ಸಲ ಕೇಳಿದ.

ಸೋಮವಾರ ಬೆಳಗಿನ ಬ್ಯಾಚಿನಲ್ಲಿ ಬೋರ್ಡಿನ ಮೇಲೆ ಅದೇ ಲೆಕ್ಕ ಬರೆದೆ. ಎಕ್ಸ್ ಬಂದ ಕೂಡಲೇ ಮಕ್ಕಳು ಎಂದಿನಂತೆ “ಸೋಡೂನ್ ದ್ಯಾ!” ಎಂದು ಕೂಗಿದರು. ಬಿಟ್ಟೆ. ಉತ್ತರ ಬಂತು. ತಿರುಗಿ ಸಮೀಕರಣಕ್ಕೆ ಹಾಕಿ ತೋರಿಸಿದೆ. ಹೊಂದಲಿಲ್ಲ. “ನಾನು ತಪ್ಪು ಉತ್ತರ ಕೊಟ್ಟಿದ್ದೆ. ನಿಮಗೆ ತಪ್ಪು ಕಲಿಸಿದ್ದೆ. ಸರಿಯಾಗಿ ಮಾಡಿದವಳನ್ನು ಕೆಳಗೆ ಕಳಿಸಿದೆ” ಎಂದೆ. ಮುಂದಿನ ಬೆಂಚಿನವನೊಬ್ಬ ಕೈ ಎತ್ತಿ ಕೇಳಿದ ಮೊದಲ ಪ್ರಶ್ನೆ, “ಹಾಗಾದರೆ ನಮ್ಮ ಅಂಕ ಹೋಗುತ್ತವೆಯೇ?” ಎಂಬುದು. ಮಧ್ಯಾಹ್ನದೊಳಗೆ ಇಬ್ಬರು ಪಾಲಕರು ಬಂದರು. ಮಾಲೀಕರು ನನ್ನನ್ನು ಒಳಗೆ ಕರೆದು, ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳುವ ಮೊದಲು ತಮ್ಮನ್ನು ಕೇಳಬೇಕಿತ್ತು ಎಂದರು. ಕೇಳಿದ್ದೆನಲ್ಲ, ಯೇವಲಾದಿಂದ, ಎಂದೆ. ಕೊನೆಗೆ ಯಾರ ಅಂಕವನ್ನೂ ಕಡಿಯದೆ ಅವಳಿಗೆ ನಾಲ್ಕು ಸೇರಿಸುವುದೆಂದು ತೀರ್ಮಾನವಾಯಿತು. ಅದು ನ್ಯಾಯವೇ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಅವಳು ಬೆಳಗಿನ ಬ್ಯಾಚಿಗೆ ಮರಳಬಹುದಿತ್ತು.

ನಾನೇ ಓಡಿಹೋಗಿ ಅವಳಿಗೆ ತಿಳಿಸಿದೆ. ಮಧ್ಯಾಹ್ನದ ಕ್ಲಾಸು ಬಿಟ್ಟು ಮೆಟ್ಟಿಲಿಳಿಯುತ್ತಿದ್ದಳು.

“ನಾಳಿಂದ ಬೆಳಿಗ್ಗಿ ಬಾ” ಎಂದೆ.

ಅವಳು ಒಂದು ಮೆಟ್ಟಿಲು ಕೆಳಗೆ ನಿಂತು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. “ನಾ ಇಲ್ಲೇ ಇರ್ತೀನ್ರಿ, ಮ್ಯಾಡಮ್.”

“ಯಾಕ? ಸಿಟ್ಟಾಗೀಯೇನು?”

“ಇಲ್ರಿ, ಸಿಟ್ಟಿಲ್ಲ. ಇವತ್ತು ಸರ್‌ಗ ಒಂದು ಪ್ರಶ್ನಿ ಕೇಳ್ದೆ.” ಮುಂದಿನದನ್ನು ಹೇಳಬೇಕೋ ಬೇಡವೋ ಎಂಬಂತೆ ತಡೆದಳು. “ಅವರು ನಿಲ್ತಾರ್ರಿ.”

ಅಷ್ಟು ಹೇಳಿ ಇಳಿದುಹೋದಳು. ಆ ಹಿರಿಯ ಮೇಷ್ಟ್ರ ಬಗ್ಗೆ ನಾವೆಲ್ಲ ನಗುತ್ತಿದ್ದೆವು. ಒಂದು ಅಧ್ಯಾಯ ಮುಗಿಸಲು ಎರಡು ತಿಂಗಳು ತೆಗೆದುಕೊಳ್ಳುತ್ತಾರೆ ಎಂದು. ನಾನೂ ಅವರ ನಡಿಗೆಯನ್ನು ಅಣಕಿಸಿ ತೋರಿಸಿದ್ದೆ. ಬುಧವಾರ ಅವರ ಹತ್ತಿರ ಹೋಗಿ, ನಿಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲೇ ಎಂದು ಕೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಕುಳಿತುಕೊಳ್ಳಿ, ಕಿಟಕಿ ಪಕ್ಕ ಗಾಳಿ ಬರುತ್ತದೆ ಎಂದರು.

ವಿನೆಗರಿನ ಆಮ್ಲದ ಲೆಕ್ಕ ತೆಗೆದುಕೊಂಡರು. ಎಕ್ಸ್ ಕೈಬಿಟ್ಟರು. ಉತ್ತರ ಬಂದ ಮೇಲೆ ಸೀಮೆಸುಣ್ಣ ಕೆಳಗಿಟ್ಟು, ಕೈ ಜಾಡಿಸಿ, “ಈಗ ನೋಡಿ, ನಡೆಯುತ್ತದೆಯೇ?” ಎಂದು ಕೇಳಿ ಸುಮ್ಮನೆ ನಿಂತರು. ಯಾರಾದರೂ ಹೇಳುವವರೆಗೂ ನಿಂತೇ ಇದ್ದರು. ಹಿಂದಿನ ಬೆಂಚಿನಲ್ಲಿ ನನ್ನ ಕಾಲು ಎಷ್ಟು ಅಲುಗಿತೆಂದರೆ ಮುಂದೆ ಕುಳಿತವಳು ತಿರುಗಿ ನೋಡಿದಳು. ನಾನಾಗಿದ್ದರೆ ಅಷ್ಟು ಹೊತ್ತಿನಲ್ಲಿ ಮೂರು ಲೆಕ್ಕ ಮುಗಿಸುತ್ತಿದ್ದೆ. ಕೊನೆಗೆ ನಮ್ಮ ಹುಡುಗಿ ಎದ್ದು, “ನಡೆಯುತ್ತದೆ ಸರ್, ನೂರಕ್ಕೆ ಒಂದೂವರೆಗಿಂತ ಕಡಿಮೆ” ಎಂದಳು. ಅವರು ತಲೆ ಆಡಿಸಿ ಮುಂದಕ್ಕೆ ಹೋದರು. ಒಂದು ತಾಸಿನಲ್ಲಿ ಎರಡೇ ಲೆಕ್ಕ.

ಅಂದಿನಿಂದ ನಾನು ಬೇರೆಯವಳಾದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ವಾರ ನಿಧಾನವಾಗಿ ಕಲಿಸಿದೆ. ಪಾಠ ಹಿಂದೆ ಬಿತ್ತು, ಮಾಲೀಕರು ಕರೆದು ಕೇಳಿದರು, ಮತ್ತೆ ಓಟ ಶುರುವಾಯಿತು. ಕೆಲವು ದಿನ ತಿರುಗಿ ನೋಡಿ ಎನ್ನುತ್ತಿದ್ದೆ, ಕೆಲವು ದಿನ ಗಂಟೆ ಬಾರಿಸುವುದರೊಳಗೆ ಬಿಟ್ಟುಬಿಡಿ ಎಂದು ಬಾಯಿಗೆ ಬಂದುಬಿಡುತ್ತಿತ್ತು. ಹುಡುಗಿ ವರ್ಷದ ಕೊನೆಯವರೆಗೂ ಮಧ್ಯಾಹ್ನದ ಬ್ಯಾಚಿನಲ್ಲೇ ಇದ್ದಳು. ಕಾರಿಡಾರಿನಲ್ಲಿ ಸಿಕ್ಕಾಗ ಕನ್ನಡದಲ್ಲಿ ಒಂದೆರಡು ಮಾತು ಆಡುತ್ತಿದ್ದಳು, ಹೆಚ್ಚಾಗಿ ಅವ್ವ ಕೇಳಿದ್ದನ್ನು ತಲುಪಿಸುವುದಕ್ಕೆ: ಮ್ಯಾಡಮ್ಮೋರು ಮತ್ತ ಯಾವಾಗ ಬರ್ತಾರಂತ ಕೇಳ್ಯಾಳ್ರಿ ಅವ್ವ.

ಮರುವರ್ಷ ನಾನು ಆ ಕ್ಲಾಸು ಬಿಟ್ಟೆ. ನಾಸಿಕ್‌ನ ಒಂದು ಜ್ಯೂನಿಯರ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಆದರೆ ಸಂಜೆ ಮನೆಗೆ ಬರಬಹುದು. ಅದೇ ಬೇಸಿಗೆಯಲ್ಲಿ ಹುಡುಗಿಯ ಅಪ್ಪನ ಸೈಟು ಮುಗಿದು, ಮುಂದಿನ ಕೆಲಸ ನಾಸಿಕ್ ಹತ್ತಿರವೇ, ಪಿಂಪಳಗಾಂವ್ ಬಸವಂತ್ ರಸ್ತೆಯಲ್ಲಿ ಸಿಕ್ಕಿತು. ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ತಾಯಿ ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ಅತ್ತೆಯೂ ಬೀದರ್ ಕಡೆಯವರೇ, ಅವರಿಗೆ ಹಬ್ಬವೇ ಆಯಿತು. ಬೀದರ್ ಕಡೆಯ ಮಾತು, ಕಲಬುರಗಿ ಕಡೆಯ ಮಾತು ಎಂದು ಇಬ್ಬರು ಹೆಂಗಸರೂ ಅಡುಗೆಮನೆಯಲ್ಲಿ ಕುಳಿತು ಒಂದೊಂದು ಶಬ್ದ ಹಿಡಿದು ನಗುತ್ತಿದ್ದರು.

ಹುಡುಗಿಗೆ ವೈದ್ಯಕೀಯ ಸೀಟು ಸಿಕ್ಕಿರಲಿಲ್ಲ. ಕೆಲವೇ ಅಂಕದಿಂದ ತಪ್ಪಿತ್ತು. ಬಿಎಸ್ಸಿಗೆ ಸೇರಿದ್ದಳು, ರಸಾಯನಶಾಸ್ತ್ರ ತೆಗೆದುಕೊಂಡು. ಅದನ್ನು ಕೇಳಿದಾಗಿನಿಂದ ನನಗೆ ಒಂದೇ ಯೋಚನೆ. ಆ ಪರೀಕ್ಷೆಯ ಸೊನ್ನೆ, ಕೆಳಗಿನ ಬ್ಯಾಚು, ಅಲ್ಲಿ ಮುಗಿಯದೆ ಉಳಿದ ಅಧ್ಯಾಯಗಳು, ಇವೆಲ್ಲ ಸೇರಿ ಆ ಕೆಲವು ಅಂಕ ಆದವೇ? ಅವಳು ಬಾಲ್ಕನಿಯಲ್ಲಿ ಒಬ್ಬಳೇ ನಿಂತಿದ್ದಾಗ ಹೋಗಿ ಕೇಳಿಯೇಬಿಟ್ಟೆ.

ಅವಳಿಗೆ ಮೊದಲು ನಾನು ಯಾವ ಪರೀಕ್ಷೆಯ ಮಾತಾಡುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕಳು. “ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ, ಮ್ಯಾಡಮ್. ಕೆಮಿಸ್ಟ್ರಿದಾಗ ನನಗ ಛಲೋ ಬಿದ್ದಾವ. ಬಯಾಲಜಿ ಬಾಯಿಪಾಠ ಆಗಲಿಲ್ಲ, ಅಷ್ಟೇ. ಆ ಹೆಸರೆಲ್ಲ ನೆನಪೇ ಉಳಿಯಂಗಿಲ್ರಿ ನನಗ.”

“ಖರೇನೇ?”

“ಖರೇನ್ರಿ.”

ಹೌದಲ್ಲ ಎಂದು ತಲೆ ಆಡಿಸಿದೆ. ಪೂರ್ತಿ ನಂಬಿದೆನೆಂದು ಹೇಳಲಾರೆ. ಅವಳು ನನಗೆ ನೋವಾಗದಿರಲೆಂದು ಹೇಳಿರಬಹುದು, ಅಥವಾ ಅದೇ ನಿಜವಿರಬಹುದು. ಇದನ್ನು ತಿರುಗಿ ಹಾಕಿ ನೋಡಲು ನನ್ನ ಬಳಿ ಯಾವ ಸಮೀಕರಣವೂ ಇರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ರಸ್ತೆಯ ಕಡೆ ಬಾಗಿ, ಕಾಲೇಜಿನ ಪ್ರಯೋಗಾಲಯದಲ್ಲಿ ಈ ವಾರ ತಾನು ಒಡೆದ ಬ್ಯೂರೆಟ್ಟಿನ ಕತೆ ಹೇಳಲು ಶುರುಮಾಡಿದ್ದಳು. ಕನ್ನಡ ಸಿಗದ ಕಡೆ ಮರಾಠಿ ಹಾಕುತ್ತ, ಎರಡೂ ಕೈ ಎತ್ತಿ, ಗಾಜು ಹೇಗೆ ಚೂರಾಯಿತು, ಸಹಾಯಕರು ಹೇಗೆ ಓಡಿ ಬಂದರು ಎಂದು ತೋರಿಸುತ್ತಿದ್ದಳು. ನಾನು ಬಾಯಿ ಮುಚ್ಚಿ, ಕಂಬಿಗೆ ಆತುಕೊಂಡು, ಅದನ್ನು ಕೊನೆಯವರೆಗೂ ಕೇಳಿದೆ.